ವಿಯೆಟ್ನಾಂ: ಇಬ್ಬರು, ಮೂರು ವಾರ, ಕಡಿಮೆ ಖರ್ಚು. ಈ ಪ್ಲಾನ್ ನಡೆಯುತ್ತಾ?

ಹೆಗಲಚೀಲ ಕೇಳಿದ್ದು:

ನಾನು ಮತ್ತು ಗೆಳೆಯ, ಇಬ್ಬರೂ ಭಾರತದ ಪಾಸ್‌ಪೋರ್ಟ್‌ನವರು. ನವೆಂಬರ್ ಮೊದಲ ವಾರದಿಂದ ಮೂರು ವಾರ ವಿಯೆಟ್ನಾಂ ಸುತ್ತಬೇಕು ಅಂತಿದ್ದೇವೆ. ಇಬ್ಬರಿಗೂ ಹೊಸ ದೇಶ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ. ಸದ್ಯಕ್ಕೆ ಬರೆದಿಟ್ಟುಕೊಂಡಿರುವ ದಾರಿ: ಹನೋಯ್, ಸಾಪಾ, ಹಾ ಜಿಯಾಂಗ್, ಹಾಲಾಂಗ್, ನಿನ್ ಬಿನ್, ಫಾಂಗ್ ನ್ಯಾ, ಹುವೆ, ಹೋಯಿ ಆನ್, ನ್ಯಾ ಟ್ರಾಂಗ್, ಡಲಾಟ್, ಸೈಗಾನ್ (ಹೋ ಚಿ ಮಿನ್ ನಗರ), ಮೆಕಾಂಗ್, ಫು ಕ್ವಾಕ್. ಆಮೇಲೆ ಹನೋಯ್‌ಗೆ ವಾಪಸ್ ಬಂದು ಅಲ್ಲಿಂದ ಊರಿಗೆ, ಏಕೆಂದರೆ ಹೋಗಿಬರುವ ಟಿಕೆಟ್ ಅಗ್ಗ ಕಾಣುತ್ತಿದೆ.

ಗೊತ್ತಾಗಬೇಕಿರುವುದು: ಈ ತಿಂಗಳು ಸರಿಯೇ? ಬೈಕ್ ಬಾಡಿಗೆಗೆ ಹಿಡಿದು ಓಡಿಸಬಹುದೇ (ಇಬ್ಬರ ಹತ್ತಿರವೂ ಲೈಸೆನ್ಸ್ ಇದೆ, ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳುತ್ತೇವೆ)? ದಿನಕ್ಕೆ ಒಬ್ಬರಿಗೆ ಎಷ್ಟು ಇಟ್ಟುಕೊಳ್ಳಬೇಕು? ಗೆಳೆಯ ಸಸ್ಯಾಹಾರಿ, ಮೊಟ್ಟೆ ತಿನ್ನುತ್ತಾನೆ, ಮೀನು ಮಾಂಸ ಇಲ್ಲ. ಅವನಿಗೆ ಅಲ್ಲಿ ಊಟ ಸಿಗುತ್ತಾ?

---

ಕಂಬಿಮೇಲೆ:

ಟಿಕೆಟ್ ತೆಗೆದಿಲ್ಲ ಅನ್ನುವುದೊಂದೇ ಈ ಪ್ಲಾನ್‌ನಲ್ಲಿ ಸಮಾಧಾನದ ವಿಷಯ.

ಮೊದಲು ತಿಂಗಳು. ವಿಯೆಟ್ನಾಂ ಉದ್ದಕ್ಕೆ ಚಾಚಿಕೊಂಡಿರುವ ದೇಶ, ಒಂದೇ ಹವಾಮಾನ ಅಲ್ಲ. ಮಧ್ಯದ ಕರಾವಳಿಗೆ, ಅಂದರೆ ಫಾಂಗ್ ನ್ಯಾದಿಂದ ಹುವೆ, ಡನಾಂಗ್, ಹೋಯಿ ಆನ್‌ವರೆಗೆ, ಮಳೆಗಾಲ ಸೆಪ್ಟೆಂಬರ್‌ನಿಂದ ಡಿಸೆಂಬರ್. ಸಮುದ್ರದ ಕಡೆಯಿಂದ ಬರುವ ಈಶಾನ್ಯ ಮಾರುತ ಪಶ್ಚಿಮದ ಬೆಟ್ಟಸಾಲಿಗೆ ತಾಗಿ ಅಲ್ಲೇ ಸುರಿಯುತ್ತದೆ, ಜೊತೆಗೆ ಚಂಡಮಾರುತಗಳೂ ಬರುತ್ತವೆ. ಅಕ್ಟೋಬರ್, ನವೆಂಬರ್ ಅದರ ಜೋರು. ಹೋಯಿ ಆನ್‌ನ ಹಳೇ ಪೇಟೆ ಥು ಬೊನ್ ನದಿಯ ದಡದಲ್ಲೇ ಇರುವುದರಿಂದ ಬೀದಿಗೆ ನೀರು ಬರುವುದು ಅಲ್ಲಿ ಹೊಸದೇನಲ್ಲ. ಫಾಂಗ್ ನ್ಯಾ ಗುಹೆಯೊಳಗೆ ದೋಣಿಯಲ್ಲೇ ಹೋಗಬೇಕು, ನದಿ ಏರಿದರೆ ದೋಣಿ ನಿಲ್ಲಿಸುತ್ತಾರೆ. ರೈಲು ಹಳಿಯೂ ಆಗಾಗ ಕೊಚ್ಚಿ ಹೋಗುವುದುಂಟು.

ಅದೇ ನವೆಂಬರ್‌ನಲ್ಲಿ ಉತ್ತರದ ಬೆಟ್ಟಗಳು ಒಣಗಿ ನಿಚ್ಚಳವಾಗಿರುತ್ತವೆ. ದಕ್ಷಿಣದಲ್ಲಿ ಮಳೆ ಹಿಂದೆ ಸರಿಯುತ್ತಿರುತ್ತದೆ. ಹಾಗಾಗಿ ಎರಡೇ ದಾರಿ. ನವೆಂಬರ್ ಬಿಡಲಾಗದಿದ್ದರೆ ಉತ್ತರಕ್ಕೆ ಹನ್ನೆರಡು ದಿನ ಕೊಡಿ, ಹನೋಯ್‌ನಿಂದ ಸೈಗಾನ್‌ಗೆ ವಿಮಾನದಲ್ಲಿ ಹಾರಿ, ಉಳಿದ ದಿನ ದಕ್ಷಿಣಕ್ಕೆ. ಮಧ್ಯಭಾಗ ಪೂರ್ತಿ ಕೈಬಿಡಿ. ಇಡೀ ಉದ್ದ ನೋಡಲೇಬೇಕೆಂದರೆ ಮಾರ್ಚ್, ಏಪ್ರಿಲ್‌ಗೆ ಹೋಗಿ. ಮಾರ್ಚ್‌ನಲ್ಲಿ ಹನೋಯ್‌ನಲ್ಲಿ ಜಿನುಗು ಮಳೆ, ಮಂಜು ಇರುತ್ತದೆ, ಆದರೆ ಪ್ರಯಾಣ ಕೆಡುವಷ್ಟಲ್ಲ. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ತೆಟ್, ಅಂದರೆ ಅವರ ಹೊಸವರ್ಷದ ಹಬ್ಬದ ವಾರ ಮಾತ್ರ ಬೇಡ. ಇಡೀ ದೇಶ ಊರಿಗೆ ಹೊರಟಿರುತ್ತದೆ, ರೈಲು ಬಸ್ಸಿನಲ್ಲಿ ಸೀಟಿಲ್ಲ, ಸಣ್ಣ ಹೋಟೆಲುಗಳಿಗೆ ಬೀಗ.

ಇನ್ನು ದಾರಿ. ಮೂರು ವಾರಕ್ಕೆ ಹದಿಮೂರು ಜಾಗ ಅಂದರೆ ಅರ್ಧ ಪ್ರವಾಸ ಬಸ್ಸಿನ ಕಿಟಕಿಯಲ್ಲೇ ಮುಗಿಯುತ್ತದೆ. ಪ್ರತಿ ಸಲ ಊರು ಬದಲಿಸಿದಾಗಲೂ ಕನಿಷ್ಠ ಅರ್ಧ ದಿನ ಹೋಗುತ್ತದೆ, ಕೈಯಿಂದ ಕಾಸೂ ಹೋಗುತ್ತದೆ. ಕಡಿಮೆ ಖರ್ಚಿನ ಪ್ರವಾಸ ಕೆಡುವುದು ಹೆಚ್ಚಾಗಿ ರೂಮಿನ ಬಾಡಿಗೆಯಿಂದಲ್ಲ, ಓಡಾಟದಿಂದ. ಸಾಪಾ, ಹಾ ಜಿಯಾಂಗ್ ಎರಡರಲ್ಲಿ ಒಂದು ಸಾಕು. ಫು ಕ್ವಾಕ್ ಬಿಡಿ. ಹನೋಯ್‌ಗೆ ಮರಳುವ ಟಿಕೆಟ್ ಅಗ್ಗ ಕಾಣುವುದು ಮೋಸ: ಸೈಗಾನ್‌ನಿಂದ ಹನೋಯ್‌ಗೆ ರೈಲು ಹಳಿ 1726 ಕಿ.ಮೀ., ಸುಮಾರು 33 ಗಂಟೆ. ವಿಮಾನ ಹಿಡಿದರೆ ಬ್ಯಾಗಿನ ಶುಲ್ಕ ಸೇರಿ ಉಳಿಸಿದ್ದೆಲ್ಲ ವಾಪಸ್. ಹನೋಯ್‌ಗೆ ಇಳಿದು ಸೈಗಾನ್‌ನಿಂದ ಹೊರಡುವ ಹಾಗೆ ನೋಡಿ.

ಮಾರ್ಚ್‌ಗೆ ಹೋದರೆ ರೈಲನ್ನೇ ಬೆನ್ನೆಲುಬು ಮಾಡಿಕೊಳ್ಳಿ. ಹನೋಯ್‌ನಿಂದ ಹಳಿಯ ದೂರ ಹೀಗೆ: ನಿನ್ ಬಿನ್ 115 ಕಿ.ಮೀ., ಡೊಂಗ್ ಹೊಯ್ 522 (ಫಾಂಗ್ ನ್ಯಾಗೆ ಇಳಿಯುವ ಸ್ಟೇಷನ್ ಇದು, ಅಲ್ಲಿಂದ ಬಸ್ಸು), ಹುವೆ 688, ಡನಾಂಗ್ 791, ನ್ಯಾ ಟ್ರಾಂಗ್ 1315. ಹೋಯಿ ಆನ್‌ಗೆ ರೈಲಿಲ್ಲ, ಡನಾಂಗ್‌ನಲ್ಲಿ ಇಳಿದು 30 ಕಿ.ಮೀ. ರಸ್ತೆ. ಡಲಾಟ್‌ಗೆ ನ್ಯಾ ಟ್ರಾಂಗ್‌ನಿಂದ ಘಾಟಿ ಹತ್ತುವ ಬಸ್ಸು, ಸುಮಾರು ನಾಲ್ಕು ಗಂಟೆ. ಡಲಾಟ್ 1500 ಮೀಟರ್ ಎತ್ತರದಲ್ಲಿದೆ, ಒಂದು ಸ್ವೆಟರ್ ಇರಲಿ.

ರಾತ್ರಿ ರೈಲು ನಿನ್ ಬಿನ್–ಡೊಂಗ್ ಹೊಯ್ ಮತ್ತು ಡನಾಂಗ್–ನ್ಯಾ ಟ್ರಾಂಗ್ ನಡುವೆ ಹಿಡಿಯಿರಿ, ಎರಡು ರಾತ್ರಿಯ ರೂಮು ಉಳಿಯುತ್ತದೆ. ನಾಲ್ಕು ಬರ್ತಿನ ಮೆತ್ತನೆ ಕ್ಯಾಬಿನ್, ಆರು ಬರ್ತಿನ ಗಟ್ಟಿ ಕ್ಯಾಬಿನ್ ಎರಡಿವೆ. ಆರರಲ್ಲಿ ಎಲ್ಲಕ್ಕಿಂತ ಮೇಲಿನದು ಅಗ್ಗ, ಆದರೆ ಅಲ್ಲಿ ಎದ್ದು ಕೂರಲಾಗದು. ಮಲಗುವುದಕ್ಕಷ್ಟೇ ಆದರೆ ಅದೇ ಸಾಕು. ಹುವೆಯಿಂದ ಡನಾಂಗ್‌ಗೆ ಮಾತ್ರ ಹಗಲಲ್ಲೇ ಹೋಗಿ, ಕೂರುವ ಸೀಟು ತೆಗೆದುಕೊಳ್ಳಿ, ರೈಲು ಹೋಗುವ ದಿಕ್ಕಿಗೆ ಎಡಗಡೆ. ಹಾಯ್ ವಾನ್ ಘಾಟಿಯಲ್ಲಿ ಹಳಿ ಸಮುದ್ರದ ನೆತ್ತಿಯ ಮೇಲೆ ಸಾಗುತ್ತದೆ. ಎರಡೂವರೆ ಮೂರು ಗಂಟೆಯ ಈ ತುಂಡಿಗೆ ಬಸ್ಸು ಹಿಡಿದವರಿಗೆ ಸುರಂಗದ ಗೋಡೆ ಸಿಗುತ್ತದೆ.

ಗಾಡಿ ನಂಬರಿನಲ್ಲಿ ಗೊಂದಲ ಬೇಡ: ಎಸ್‌ಇ1, ಎಸ್‌ಇ3 ಹೀಗೆ ಬೆಸ ಸಂಖ್ಯೆ ದಕ್ಷಿಣಕ್ಕೆ, ಸಮ ಸಂಖ್ಯೆ ಉತ್ತರಕ್ಕೆ.

---

ಮುದ್ರೆಯವ:

ದಾರಿ ಸರಿಹೋಯಿತು ಅಂದುಕೊಂಡು ವೀಸಾ ಹೇಳುತ್ತೇನೆ, ಎಡವುವವರು ಹೆಚ್ಚು ಇಲ್ಲೇ.

ಇ-ವೀಸಾ ಸಾಕು. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. 2023ರ ಆಗಸ್ಟ್ 15ರಿಂದ 90 ದಿನದವರೆಗೆ ಕೊಡುತ್ತಾರೆ. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ವಿಎನ್’ ಎಂದು ಮುಗಿಯುತ್ತದೆ. ಹುಡುಕಿದಾಗ ಮೇಲ್ಗಡೆ ಬರುವ, ಸರ್ಕಾರದ್ದೇ ಅನ್ನಿಸುವ ಬೇರೆ ತಾಣಗಳು ದಲ್ಲಾಳಿಗಳದ್ದು, ಎರಡು ಮೂರು ಪಟ್ಟು ಕೀಳುತ್ತಾರೆ. ಮೂರು ಕೆಲಸದ ದಿನ ಅನ್ನುತ್ತಾರೆ, ನೀವು ಎರಡು ವಾರ ಮುಂಚೆ ಹಾಕಿ. ತಿರಸ್ಕಾರವಾದರೆ ಹಣ ವಾಪಸ್ ಬರುವುದಿಲ್ಲ.

ತಪ್ಪಾಗುವ ಕಡೆಗಳು ಇವು. ಒಂದು, ಹೆಸರು. ಅಪ್ಪನ ಹೆಸರು, ಊರ ಹೆಸರು, ಇನಿಶಿಯಲ್ಲು ಅಂತ ನಮ್ಮವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು ಮಾಮೂಲಿ. ಫೋಟೋ ಪುಟದ ಕೆಳಗೆ ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತದಲ್ಲ, ಅದರಲ್ಲಿ ಹೇಗಿದೆಯೋ ಅದೇ ಕ್ರಮದಲ್ಲಿ ಅರ್ಜಿಯಲ್ಲೂ ವಿಮಾನದ ಟಿಕೆಟ್‌ನಲ್ಲೂ ಬರಲಿ. ಎರಡು, ಒಳಗೆ ಹೋಗುವ ಮತ್ತು ಹೊರಬರುವ ಜಾಗವನ್ನು ಅರ್ಜಿಯಲ್ಲೇ ಆರಿಸಬೇಕು. ನಿಮಗೆ ಹನೋಯ್‌ನ ನೊಯ್ ಬಾಯ್ ವಿಮಾನ ನಿಲ್ದಾಣ ಪ್ರವೇಶ, ಸೈಗಾನ್‌ನ ತಾನ್ ಸೊನ್ ನ್ಯಾತ್ ನಿರ್ಗಮನ. ಟಿಕೆಟ್ ತೆಗೆದ ಮೇಲೆ ಅರ್ಜಿ ಹಾಕಿ, ಮೊದಲಲ್ಲ. ಮೂರು, ಫೋಟೋ ಕನ್ನಡಕವಿಲ್ಲದೆ ಇರಬೇಕು, ಪಾಸ್‌ಪೋರ್ಟ್ ಪುಟದ ಚಿತ್ರದಲ್ಲಿ ಲೈಟಿನ ಹೊಳಪು ಬಿದ್ದು ಅಕ್ಷರ ಮರೆಯಾಗಬಾರದು. ವೀಸಾ ಬಂದ ದಿನವೇ ಹೆಸರು, ನಂಬರು, ಹುಟ್ಟಿದ ತಾರೀಕು ಅಕ್ಷರ ಅಕ್ಷರ ನೋಡಿ. ಒಂದೇ ಅಂಕಿ ತಪ್ಪಿದ್ದರೂ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಪ್ರಿಂಟ್ ತೆಗೆದು ಇಬ್ಬರೂ ಒಂದೊಂದು ಇಟ್ಟುಕೊಳ್ಳಿ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ವರದಿ, ಆಮೇಲೆ ಹನೋಯ್‌ನ ಭಾರತದ ರಾಯಭಾರ ಕಚೇರಿ ಅಥವಾ ಹೋ ಚಿ ಮಿನ್ ನಗರದ ಕಾನ್ಸುಲೇಟ್, ಅದಾದ ಮೇಲೆ ಅವರ ಇಮಿಗ್ರೇಷನ್‌ನಿಂದ ಹೊರಹೋಗುವ ವೀಸಾ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಹಾಸ್ಟೆಲಿನವರು ವಿದೇಶಿಯರ ವಿವರವನ್ನು ಪೊಲೀಸರಿಗೆ ಕಳಿಸಲೇಬೇಕು, ಅದಕ್ಕೆ ಪಾಸ್‌ಪೋರ್ಟ್ ಕೇಳುತ್ತಾರೆ. ಫೋಟೋ ತೆಗೆದುಕೊಂಡು ಆಗಲೇ ವಾಪಸ್ ಕೊಡಿ ಅನ್ನಿ. ಚೆಕ್-ಔಟ್‌ವರೆಗೆ ಡ್ರಾಯರಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ, ಒಪ್ಪಬೇಕಿಲ್ಲ.

ಅಂದಹಾಗೆ 2025ರ ಜುಲೈ 1ರಿಂದ ಅಲ್ಲಿಯ ಪ್ರಾಂತಗಳನ್ನು 63ರಿಂದ 34ಕ್ಕೆ ಇಳಿಸಿದ್ದಾರೆ. ಹೋಯಿ ಆನ್ ಈಗ ಡನಾಂಗ್‌ಗೆ ಸೇರಿದೆ, ಹಾ ಜಿಯಾಂಗ್ ತುಯೆನ್ ಕ್ವಾಂಗ್‌ಗೆ. ವಿಳಾಸ ಬೇರೆ ಕಂಡರೆ ಬುಕಿಂಗ್ ತಪ್ಪಾಯಿತು ಅಂತ ಗಾಬರಿಯಾಗಬೇಡಿ.

---

ಹೆಗಲಚೀಲ:

ಮಾರ್ಚ್‌ಗೆ ಮುಂದೂಡುವುದಕ್ಕೆ ಗೆಳೆಯನೂ ಒಪ್ಪಿದ. ಸಾಪಾ, ಹಾಲಾಂಗ್, ಫು ಕ್ವಾಕ್ ಕತ್ತರಿಸಿದೆವು. ಹಾ ಜಿಯಾಂಗ್ ಬಿಡಲು ಮನಸ್ಸಿಲ್ಲ, ಬೈಕಿನ ಆಸೆಯೆಲ್ಲ ಅಲ್ಲೇ.

---

ಗೇರ್‌ಬದಲು:

ಆಸೆ ಇರಲಿ, ಹ್ಯಾಂಡಲ್ ಬೇರೆಯವರ ಕೈಯಲ್ಲಿರಲಿ.

ರಸ್ತೆ ಸಂಚಾರದ ಅಂತರರಾಷ್ಟ್ರೀಯ ಒಪ್ಪಂದ ಎರಡಿವೆ, 1949ರದ್ದು ಮತ್ತು 1968ರದ್ದು. ಭಾರತದ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ 1949ರದ್ದು. ವಿಯೆಟ್ನಾಂ ಒಪ್ಪುವುದು 1968ರದ್ದು. ಬಾಡಿಗೆ ಅಂಗಡಿಯವನು ಇದನ್ನೆಲ್ಲ ಕೇಳುವುದಿಲ್ಲ, ಗಾಡಿ ಕೊಟ್ಟುಬಿಡುತ್ತಾನೆ. ಕಷ್ಟ ಶುರುವಾಗುವುದು ಬಿದ್ದಾಗ. ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ಪ್ರವಾಸ ವಿಮೆಯವರು ಆಸ್ಪತ್ರೆ ಬಿಲ್ಲು ತಳ್ಳಿಹಾಕುತ್ತಾರೆ, ದಂಡ ಬೇರೆ. ಹಾ ಜಿಯಾಂಗ್‌ನಲ್ಲಿ ಪೊಲೀಸರು ನಿಂತು ವಿದೇಶಿಯರನ್ನೇ ತಡೆದು ಕಾಗದ ನೋಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಅಲ್ಲಿ ‘ಈಸಿ ರೈಡರ್’ ಅನ್ನುವ ಏರ್ಪಾಡಿದೆ. ಸ್ಥಳೀಯರು ಓಡಿಸುತ್ತಾರೆ, ನೀವು ಹಿಂದೆ ಕೂರುತ್ತೀರಿ, ಊಟ ವಸತಿ ಸೇರಿಸಿಯೇ ದರ ಹೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬೈಕ್. ಸುತ್ತು ಸುಮಾರು 350 ಕಿ.ಮೀ., ಮೂರು ದಿನಕ್ಕೂ ಮಾಡಿಸುತ್ತಾರೆ, ನಾಲ್ಕಕ್ಕೂ ಮಾಡಿಸುತ್ತಾರೆ. ನಾಲ್ಕು ತೆಗೆದುಕೊಳ್ಳಿ. ಮೂರು ದಿನದ್ದರಲ್ಲಿ ಕೊನೆಯ ದಿನ ಬರೀ ಓಟ. ದರ ಕೇಳುವಾಗ ಒಂದು ತಂಡಕ್ಕೆ ಎಷ್ಟು ಜನ, ಚಾಲಕ ರಾತ್ರಿ ಕುಡಿಯುತ್ತಾನೋ ಇಲ್ಲವೋ (ಸಂಕೋಚ ಬೇಡ, ಕೇಳಿ), ಹೆಲ್ಮೆಟ್ ಪೂರ್ತಿ ಮುಖದ್ದೋ, ಮಂಡಿ ಮೊಣಕೈಗೆ ಗಾರ್ಡ್ ಕೊಡುತ್ತಾರೋ ಅಂತ ಕೇಳಿ. ಹನೋಯ್‌ನಿಂದ ಹಾ ಜಿಯಾಂಗ್ ಪೇಟೆಗೆ ಬಸ್ಸು ಆರೇಳು ಗಂಟೆ. ದೊಡ್ಡ ಬ್ಯಾಗು ಪೇಟೆಯ ಹಾಸ್ಟೆಲಿನಲ್ಲೇ ಬಿಟ್ಟು ಸಣ್ಣದರಲ್ಲಿ ಮೂರು ಜೊತೆ ಬಟ್ಟೆ ಒಯ್ಯಿರಿ. ಮಾರ್ಚ್‌ನಲ್ಲೂ ಮಾ ಪಿ ಲೆಂಗ್ ಘಾಟಿಯಲ್ಲಿ ಬೆಳಗ್ಗೆ ಚಳಿ ಇರುತ್ತದೆ, ಕೈಗವಸು ಮರೆಯಬೇಡಿ. ಸಿಮ್ ವಿಯೆಟೆಲ್‌ನದ್ದೇ ಇರಲಿ, ಬೆಟ್ಟದಲ್ಲಿ ಸಿಗ್ನಲ್ ಅದಕ್ಕೇ ಚೆನ್ನಾಗಿ ಬರುತ್ತದೆ.

ಸಪಾಟಾದ ಹೋಯಿ ಆನ್, ನಿನ್ ಬಿನ್‌ನಲ್ಲಿ ಸೈಕಲ್ ಸಾಕು. ಎಷ್ಟೋ ಕಡೆ ಹೋಂಸ್ಟೇಯವರೇ ಬಿಟ್ಟಿ ಕೊಡುತ್ತಾರೆ. ಹತ್ತುವ ಮೊದಲು ಬ್ರೇಕ್ ಹಿಡಿದು ನೋಡಿ, ಅಷ್ಟೇ.

ರಾತ್ರಿ ಸ್ಲೀಪರ್ ಬಸ್ಸಿನ ಬಗ್ಗೆಯೂ ಒಂದು ಮಾತು. ಮೂರು ಸಾಲು, ಎರಡು ಅಂತಸ್ತು. ಕಾಲು ಚಾಚುವ ಜಾಗ ಮುಂದಿನವರ ಬೆನ್ನಿನ ಕೆಳಗಿನ ಡಬ್ಬಿ. ಐದೂಮುಕ್ಕಾಲು ಅಡಿ ದಾಟಿದವರಿಗೆ ಮಂಡಿ ಮಡಿಚಿಯೇ ಇರಬೇಕು. ಹತ್ತುವಾಗ ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಘಾಟಿ ರಸ್ತೆಗೆ ಕೆಳಗಿನ ಬರ್ತು, ನಡುವಿನ ಭಾಗದಲ್ಲಿ. ಹಿಂಬದಿಯಲ್ಲಿ ಎತ್ತಿ ಹಾಕುತ್ತದೆ. ಬೆಳಗಿನ ನಾಲ್ಕಕ್ಕೆ ಇಳಿಸಿಬಿಡುತ್ತಾರೆ, ಹಾಸ್ಟೆಲಿನ ಬೆಡ್ ಸಿಗುವುದು ಮಧ್ಯಾಹ್ನ ಎರಡಕ್ಕೆ. ಬರುವ ಹೊತ್ತನ್ನು ಮುಂಚೆಯೇ ಮೆಸೇಜ್ ಮಾಡಿದರೆ ಬ್ಯಾಗ್ ಇಟ್ಟುಕೊಂಡು ಸೋಫಾ ಆದರೂ ಕೊಡುತ್ತಾರೆ.

---

ಚಿಲ್ಲರೆಲೆಕ್ಕ:

ಹಣದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಅಲ್ಲಿಯ ನಾಣ್ಯ ಡಾಂಗ್‌ನಲ್ಲೇ ಹೇಳುತ್ತೇನೆ.

ಡಾರ್ಮಿಟರಿ ಬೆಡ್ಡು 1,20,000ದಿಂದ 2,50,000. ಬೀದಿ ಬದಿಯ ಒಂದು ಬೋಗುಣಿ ಫೊ (ಅಕ್ಕಿ ಶಾವಿಗೆಯ ಸಾರು) 40,000ದಿಂದ 70,000. ಬಾನ್ ಮಿ (ಅಲ್ಲಿಯ ಬ್ರೆಡ್ ಸ್ಯಾಂಡ್‌ವಿಚ್) 20,000ದಿಂದ 35,000. ಮೂರು ಹೊತ್ತಿನ ಊಟ, ಮಲಗುವ ಜಾಗ, ಸ್ಥಳೀಯ ಓಡಾಟ, ಒಂದು ಪ್ರವೇಶ ಟಿಕೆಟ್ ಸೇರಿ ತಲೆಗೆ ದಿನಕ್ಕೆ 6 ಲಕ್ಷದಿಂದ 7 ಲಕ್ಷ ಡಾಂಗ್ ಇಟ್ಟುಕೊಂಡರೆ ಬಿಗಿ ಅನ್ನಿಸುವುದಿಲ್ಲ. ಊರಿಂದೂರಿಗೆ ರೈಲು ಬಸ್ಸು, ಹಾ ಜಿಯಾಂಗ್ ಸುತ್ತು ಇದರ ಹೊರಗೆ. ಅವನ್ನು ಬೇರೆ ಬುತ್ತಿಯಾಗಿ ಮೊದಲೇ ತೆಗೆದಿಡಿ.

ಇಬ್ಬರಿರುವುದರ ಲಾಭ ಎಲ್ಲಿದೆ ನೋಡಿ. ಹನೋಯ್, ಸೈಗಾನ್ ಬಿಟ್ಟರೆ ಸಣ್ಣ ಊರುಗಳಲ್ಲಿ ಎರಡು ಡಾರ್ಮ್ ಬೆಡ್ಡಿನ ಬೆಲೆಗೂ ಎರಡು ಮಂಚದ ಪ್ರತ್ಯೇಕ ರೂಮಿಗೂ ಬಹಳ ಅಂತರವಿರುವುದಿಲ್ಲ. ಡಾರ್ಮ್ ಅಗ್ಗ ಅಂತ ಕಣ್ಣುಮುಚ್ಚಿ ಬುಕ್ ಮಾಡಬೇಡಿ. ಬಾಡಿಗೆ ಗಾಡಿ ಕರೆಸುವ ಗ್ರ್ಯಾಬ್ ಆ್ಯಪಿನಲ್ಲಿ ಬೈಕಿಗೆ ಒಬ್ಬರೇ, ಹಾಗಾಗಿ ಎರಡು ಬೈಕಿನ ಒಟ್ಟು ದರವನ್ನು ಒಂದು ಕಾರಿನ ದರದ ಪಕ್ಕ ಇಟ್ಟು ನೋಡಿ. ಬ್ಯಾಗಿದ್ದರೆ ಕಾರೇ ಲೇಸು. ನೊಯ್ ಬಾಯ್‌ನಿಂದ ಹನೋಯ್ ಪೇಟೆಗೆ 86ನೇ ನಂಬರಿನ ಬಸ್ಸಿದೆ, ರೈಲ್ವೆ ಸ್ಟೇಷನ್‌ವರೆಗೂ ಬರುತ್ತದೆ. ಫಾಂಗ್ ನ್ಯಾ ಗುಹೆಯ ದೋಣಿಗೆ ತಲೆಲೆಕ್ಕವಿಲ್ಲ, ದೋಣಿಗಿಷ್ಟು ಅಂತ ದರ, ಹನ್ನೆರಡು ಜನರವರೆಗೆ ಕೂರಿಸುತ್ತಾರೆ. ಇಬ್ಬರೇ ಹೋದರೆ ಪೂರ್ತಿ ಬಾಡಿಗೆ ನಿಮ್ಮ ಮೇಲೆ. ಬೆಳಗ್ಗೆ ಟಿಕೆಟ್ ಕೌಂಟರಿನ ಹತ್ತಿರ ಹತ್ತು ನಿಮಿಷ ನಿಂತು ಬೇರೆಯವರನ್ನು ಸೇರಿಸಿಕೊಳ್ಳಿ.

ನೋಟು ಹುಷಾರು. 20,000 ನೀಲಿ, 5,00,000 ಕೂಡ ನೀಲಿ. ಎಲ್ಲದರ ಮೇಲೂ ಹೋ ಚಿ ಮಿನ್ ಮುಖ. ಟ್ಯಾಕ್ಸಿಯ ಮಬ್ಬು ಬೆಳಕಿನಲ್ಲಿ ಇಪ್ಪತ್ತು ಸಾವಿರ ಬೇರೆ, ಐದು ಲಕ್ಷ ಬೇರೆ ಅಂತ ಕಾಣುವುದಿಲ್ಲ. 5,00,000ದ ನೋಟನ್ನು ಪರ್ಸಿನ ಬೇರೆ ಖಾನೆಯಲ್ಲೇ ಇಡಿ. ಅಂಗಡಿಯವರು ಬಾಯಲ್ಲಿ ಸಾವಿರ ಬಿಟ್ಟು ಹೇಳುತ್ತಾರೆ, ಐವತ್ತು ಅಂದರೆ 50,000. ಎಟಿಎಂನಲ್ಲಿ ಒಂದು ಸಲಕ್ಕೆ ಬರುವುದು ಸಾಮಾನ್ಯವಾಗಿ 20 ಲಕ್ಷದಿಂದ 50 ಲಕ್ಷ ಡಾಂಗ್. ಪ್ರತಿ ಸಲಕ್ಕೂ ಶುಲ್ಕ ಇರುವುದರಿಂದ ಮಿತಿ ಹೆಚ್ಚಿರುವ ಯಂತ್ರ ಹುಡುಕಿ ಒಮ್ಮೆಗೇ ತೆಗೆಯಿರಿ. ರೂಪಾಯಿಗೆ ಪರಿವರ್ತಿಸಿ ತೋರಿಸಲೇ ಅಂತ ಪರದೆ ಕೇಳಿದರೆ ಬೇಡ ಅನ್ನಿ, ಆ ದರದಲ್ಲಿ ಅವರ ಲಾಭ ಸೇರಿರುತ್ತದೆ. ಡಾಲರ್ ಒಯ್ಯುವುದಾದರೆ ಗರಿಗರಿ ನೋಟು. ಹರಿದದ್ದು, ಗೀಚಿದ್ದು ಮುಟ್ಟುವುದಿಲ್ಲ.

ಇನ್ನು ಗೆಳೆತನ ಉಳಿಯುವ ಲೆಕ್ಕ. ಒಂದು ಜಿಪ್ ಪೌಚ್ ತೆಗೆದುಕೊಂಡು ಇಬ್ಬರೂ ತಲಾ 20 ಲಕ್ಷ ಡಾಂಗ್ ಹಾಕಿ. ರೂಮು, ಬಸ್ಸು, ಗ್ರ್ಯಾಬ್, ಪ್ರವೇಶ ಟಿಕೆಟ್, ಕುಡಿಯುವ ನೀರು ಅದರಿಂದ. ಖಾಲಿಯಾದಾಗ ಮತ್ತೆ ಸಮ ಹಾಕಿ. ಊಟ, ಬಿಯರು, ಕಾಫಿ, ಹೋಯಿ ಆನ್‌ನ ದರ್ಜಿ ಅಂಗಡಿ ಅವರವರದ್ದು. ನಿಮ್ಮಲ್ಲಿ ಒಬ್ಬರು ಸಸ್ಯಾಹಾರಿ, ಒಬ್ಬರಲ್ಲ, ಊಟದ ಬಿಲ್ಲು ಸಮ ಹಂಚಿದರೆ ಮೂರನೇ ದಿನಕ್ಕೆ ಗೊಣಗಾಟ ಶುರು. ಆ್ಯಪಿನಲ್ಲಿ ಪ್ರತಿ ಚಹಾ ಬರೆಯುವುದಕ್ಕಿಂತ ಪೌಚು ಹಗುರ.

ಕಾರ್ಡುಗಳು ಮಾತ್ರ ಒಂದೇ ಕಡೆ ಬೇಡ. ಒಬ್ಬರದು ವೀಸಾ, ಒಬ್ಬರದು ಮಾಸ್ಟರ್‌ಕಾರ್ಡ್ ಆದರೆ ಇನ್ನೂ ಒಳ್ಳೆಯದು. ಫಸ್ಟ್ ಏಡ್, ಟೂತ್‌ಪೇಸ್ಟು, ಚಾರ್ಜರ್ ಪಟ್ಟಿ, ಬೀಗದ ಸರಪಳಿ ಇಬ್ಬರಿಗೊಂದು ಸಾಕು. ಸಿಮ್ಮು, ಪಾಸ್‌ಪೋರ್ಟ್, ವಿಮೆ, ತುರ್ತು ಹಣ ಒಬ್ಬೊಬ್ಬರಿಗೆ ಒಂದೊಂದು. ಸೈಗಾನ್‌ನಲ್ಲಿ ಬೈಕಿನಲ್ಲಿ ಬಂದು ಮೊಬೈಲ್ ಕಿತ್ತುಕೊಂಡು ಹೋಗುವವರಿದ್ದಾರೆ. ಮ್ಯಾಪ್ ನೋಡಬೇಕಾದರೆ ರಸ್ತೆಯಂಚು ಬಿಟ್ಟು ಗೋಡೆ ಕಡೆ ನಿಂತು ನೋಡಿ. ಪೊಲೀಸ್ 113, ಆಂಬುಲೆನ್ಸ್ 115.

---

ಸೊಪ್ಪುಸದೆ:

ಸಸ್ಯಾಹಾರಿ ಗೆಳೆಯನಿಗೆ ಉಪವಾಸವೇನೂ ಇಲ್ಲ, ಒಂದು ಪದ ಕಲಿತರೆ ಸಾಕು: ‘ಚಾಯ್’. ಬೋರ್ಡಿನ ಮೇಲೆ ಸಿ, ಎಚ್, ಎ, ವೈ, ತಲೆ ಮೇಲೆ ಗುರುತೇನೂ ಇರುವುದಿಲ್ಲ. ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿ ಇರುವ ಹೆಸರು ಅದು. ‘ಕೊಮ್ ಚಾಯ್’ ಅಂದರೆ ಸಸ್ಯಾಹಾರಿ ಅನ್ನ, ‘ಬಾನ್ ಮಿ ಚಾಯ್’, ‘ಫೊ ಚಾಯ್’ ಕೂಡ ಸಿಗುತ್ತದೆ. ಚಾಂದ್ರಮಾನದ ತಿಂಗಳ 1 ಮತ್ತು 15ನೇ ದಿನ, ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ, ಮಾಂಸ ಬಿಡುವವರು ಬಹಳ, ಆ ದಿನ ಬೀದಿಯಲ್ಲೂ ಚಾಯ್ ಗಾಡಿಗಳು ಏಳುತ್ತವೆ. ಹುವೆಯಲ್ಲಿ ಪಗೋಡಗಳು ಹೆಚ್ಚು, ಅಡುಗೆಯೂ ಎಲ್ಲ ಕಡೆಗಿಂತ ರುಚಿ.

ತಪ್ಪುವುದು ಎಲ್ಲೆಂದರೆ ‘ಮಾಂಸ ಬೇಡ’ ಅಂತ ಹೇಳುವುದರಲ್ಲಿ. ಹಾಗಂದರೆ ಮೇಲಿನ ತುಂಡು ತೆಗೆದು ಕೊಡುತ್ತಾರೆ, ಕೆಳಗಿನ ಸಾರು ಗಂಟೆಗಟ್ಟಲೆ ಕುದಿಸಿದ ಮೂಳೆಯದ್ದೇ. ಬರೀ ಸೊಪ್ಪು ಹುರಿದು ಕೊಡಿ ಅಂದರೂ ಮೀನಿನ ಸಾಸು ‘ನುವೊಕ್ ಮಾಮ್’ ಅಥವಾ ಹಂದಿ ಮೂಳೆಯ ರುಚಿಪುಡಿ ಬಿದ್ದಿರಬಹುದು. ಅದಕ್ಕೇ ‘ತೊಯ್ ಆನ್ ಚಾಯ್’, ನಾನು ಚಾಯ್ ತಿನ್ನುವವನು, ಅಂತ ಹೇಳುವುದು. ಉಚ್ಚಾರ ಅವರಿಗೆ ತಿಳಿಯದೆ ಹೋಗಬಹುದು, ಏರಿಳಿತದ ಭಾಷೆ. ಮೊಬೈಲಿನಲ್ಲಿ ಬರೆದು ತೋರಿಸಿ, ಮೀನಿನ ಸಾಸೂ ಬೇಡ, ಮೊಟ್ಟೆ ಪರವಾಗಿಲ್ಲ ಅಂತ ಕೆಳಗೆ ಸೇರಿಸಿ. ಕಟ್ಟುನಿಟ್ಟಿನ ಚಾಯ್ ಹೋಟೆಲಿನಲ್ಲಿ ಮೊಟ್ಟೆಯೂ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಅಲ್ಲಿ ಕೋಳಿ, ಸಿಗಡಿ ಅಂತ ಮೆನುವಿನಲ್ಲಿ ಕಂಡರೂ ಸೋಯಾದಲ್ಲಿ ಮಾಡಿದ್ದು, ಹೆದರಬೇಡಿ.

ಹಾ ಜಿಯಾಂಗ್ ಬುಕ್ ಮಾಡುವಾಗಲೇ ಚಾಯ್ ಅಂತ ಬರೆಸಿ. ಬೆಟ್ಟದ ಹೋಂಸ್ಟೇಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಒಂದೇ ತಟ್ಟೆಗಳಿಂದ ಬಡಿಸಿಕೊಳ್ಳುವ ಪದ್ಧತಿ, ಅಲ್ಲಿಗೆ ಹೋದ ಮೇಲೆ ಹೇಳಿದರೆ ಅನ್ನ, ಮೊಟ್ಟೆ, ತೋಫು ಇಷ್ಟೇ ಗತಿ. ರಾತ್ರಿ ಬಸ್ಸು ನಿಲ್ಲಿಸುವ ಹೆದ್ದಾರಿ ಹೋಟೆಲುಗಳಲ್ಲಿ ಅದೂ ಕಷ್ಟ. ಹತ್ತುವ ಮೊದಲೇ ಎರಡು ಬಾನ್ ಮಿ ಚಾಯ್ ಕಟ್ಟಿಸಿಕೊಳ್ಳಲಿ.

---

ಹೆಗಲಚೀಲ:

ಊಟದ ಸಾಲುಗಳನ್ನು ಗೆಳೆಯನಿಗೆ ಕಳಿಸಿದೆ. ಬ್ಯಾಗಿನ ಅಳತೆ ಯಾರಾದರೂ ಹೇಳಿ, ಚೆಕ್-ಇನ್ ಹಣ ಕೊಡಲು ಇಷ್ಟವಿಲ್ಲ.

---

ಚಿಲ್ಲರೆಲೆಕ್ಕ:

ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆಜಿ. 40 ಲೀಟರ್ ದಾಟದ ಬ್ಯಾಗು, ಖಾಲಿ ಇದ್ದಾಗ ಒಂದೂವರೆ ಕೆಜಿ ಒಳಗಿರಲಿ. ದ್ರವ ಪದಾರ್ಥ ತಲಾ 100 ಮಿ.ಲೀ. ಪವರ್ ಬ್ಯಾಂಕ್ ಕೈಚೀಲದಲ್ಲೇ, 100 ವ್ಯಾಟ್-ಅವರ್ ಮೀರಬಾರದು. 20,000 ಎಂಎಎಚ್‌ನದು ಸುಮಾರು 74. ಅಲ್ಲಿ ಕರೆಂಟು 220 ವೋಲ್ಟ್. ನಮ್ಮ ಎರಡು ದುಂಡು ಕಡ್ಡಿಯ ಮೊಬೈಲ್ ಚಾರ್ಜರ್ ನೇರ ಹೊಂದುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಬಟ್ಟೆ ಐದು ಜೊತೆ ಮೇಲೆ ಬೇಡ, ಕೆಜಿ ಲೆಕ್ಕದಲ್ಲಿ ಒಗೆದುಕೊಡುವ ಅಂಗಡಿ ಎಲ್ಲ ಊರಲ್ಲೂ ಇದೆ. ಇಬ್ಬರದನ್ನೂ ಸೇರಿಸಿ ಒಂದೇ ಚೀಲ ಕೊಡಿ, ಕೊಡುವ ಮೊದಲು ಬಟ್ಟೆ ಎಣಿಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.